ತಟ್ಟೆ ಚಿಕ್ಕದು, ಮಾತು ದೊಡ್ಡದು

ಊಟದ ವಿಷಯದಲ್ಲಿ ಜೈನರ ನಿಯಮಗಳು ಬಿಗಿಯಾದವು ಎಂಬುದನ್ನು ಅನ್ಯಮತೀಯರೂ ಬಲ್ಲರು. ಗೆಡ್ಡೆಗೆಣಸು ವರ್ಜ್ಯ, ರಾತ್ರಿಭೋಜನ ವರ್ಜ್ಯ, ಸೋಸದ ನೀರು ವರ್ಜ್ಯ. ಇವುಗಳನ್ನು ಪಾಲಿಸುವವರು ಇಂದಿಗೂ ನಮ್ಮ ನಡುವೆ ಸಾಕಷ್ಟು ಮಂದಿ ಇದ್ದಾರೆ. ಆದರೆ ಊಟಕ್ಕೆ ಮಾತ್ರವಲ್ಲ, ಊಟದ ಕುರಿತಾದ ಮಾತಿಗೂ ನಮ್ಮ ಆಚಾರ್ಯರು ಒಂದು ಎಲ್ಲೆಯನ್ನು ಗೊತ್ತುಮಾಡಿದ್ದರು ಎಂಬುದನ್ನು ಶ್ರಾವಕರೇ ಮರೆತಂತೆ ಕಾಣುತ್ತದೆ. ಸಾಧಕನು ಬಿಡಬೇಕಾದ ನಾಲ್ಕು ವಿಕಥೆಗಳಲ್ಲಿ ಎರಡನೆಯದು ಭಕ್ತಕಥೆ. ಇಲ್ಲಿ ‘ಭಕ್ತ’ವೆಂದರೆ ಭಕ್ತಿಯುಳ್ಳವನಲ್ಲ, ಅನ್ನ, ಆಹಾರ ಎಂದರ್ಥ. ಸ್ತ್ರೀಕಥೆ, ರಾಷ್ಟ್ರಕಥೆ, ರಾಜಕಥೆಗಳ ಸಾಲಿನಲ್ಲಿ ಅನ್ನದ ಕಥೆಯನ್ನೂ ಇರಿಸಿದ್ದಾರೆ. ಶ್ರವಣಬೆಳಗೊಳದ ಗೊಮ್ಮಟಮೂರ್ತಿಯನ್ನು ನಿಲ್ಲಿಸಿದ ಚಾವುಂಡರಾಯನ ನಿಮಿತ್ತವಾಗಿ ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳು ರಚಿಸಿದ ‘ಗೊಮ್ಮಟಸಾರ’ದಲ್ಲಿ ಪ್ರಮಾದಗಳು 15 ಎಂದು ಎಣಿಸಲಾಗಿದೆ: ನಾಲ್ಕು ವಿಕಥೆ, ನಾಲ್ಕು ಕಷಾಯ, ಐದು ಇಂದ್ರಿಯ, ನಿದ್ರೆ ಮತ್ತು ಸ್ನೇಹ. ಕ್ರೋಧ, ಲೋಭಗಳನ್ನು ಎಣಿಸಿದ ಪಟ್ಟಿಯಲ್ಲಿಯೇ ಭಕ್ತಕಥೆಗೂ ಸ್ಥಾನ ದೊರಕಿದೆ ಎಂಬುದನ್ನು ಗಮನಿಸಬೇಕು.

ಊಟವು ಪ್ರಮಾದವಲ್ಲ, ಊಟದ ಕಥೆ ಪ್ರಮಾದ. ಈ ಸೂಕ್ಷ್ಮವು ಹಿಂದಿನ ಕಾಲದ ಓದುಗನಿಗೆ ಸ್ವಲ್ಪ ಅತಿಯೆನಿಸಿದ್ದರೂ ಆಶ್ಚರ್ಯವಿಲ್ಲ. ಇಂದು ಅದು ಅತಿಯೆನಿಸುವುದಿಲ್ಲ.

ನಾನು ಇದನ್ನು ಬರೆಯುತ್ತಿರುವುದು ಬೇಲೂರು ತಾಲ್ಲೂಕಿನ ಬಿಕ್ಕೋಡಿನಲ್ಲಿ. ಸುತ್ತಲೂ ಕಾಫಿ ತೋಟ, ಮೆಣಸಿನ ಬಳ್ಳಿ, ಆಗಾಗ್ಗೆ ಕಾಡಾನೆಯ ಸುದ್ದಿ. ಇಲ್ಲಿಯ ಮಕ್ಕಳು ಓದಿ ಬೆಂಗಳೂರು ಸೇರಿದ್ದಾರೆ. ಹಬ್ಬಕ್ಕೆ ಊರಿಗೆ ಬಂದಾಗ ಅವರ ಮಾತಿನಲ್ಲಿ ಇಂದಿರಾನಗರ, ಕೋರಮಂಗಲಗಳ ಹೊಸ ಬಗೆಯ ಹೋಟೆಲುಗಳ ಪ್ರಸ್ತಾಪ ಬಾರದೆ ಇರುವುದಿಲ್ಲ. ಅಲ್ಲಿ ಪೂರ್ಣ ಊಟವನ್ನು ಒಮ್ಮೆಗೇ ಬಡಿಸುವುದಿಲ್ಲ. ಅಂಗೈಯಗಲದ ತಟ್ಟೆಗಳಲ್ಲಿ ಎರಡು ಮೂರು ತುತ್ತಿನಷ್ಟು ಪದಾರ್ಥ ಒಂದರ ಹಿಂದೊಂದು ಬರುತ್ತದೆ. ಮೇಜಿನ ಸುತ್ತ ಕುಳಿತವರೆಲ್ಲ ಹಂಚಿಕೊಳ್ಳುತ್ತಾರೆ. ‘ಸ್ಮಾಲ್ ಪ್ಲೇಟ್ಸ್’ ಎಂದು ಇದಕ್ಕೆ ಹೆಸರು. ಸ್ಪೇನ್ ದೇಶದಲ್ಲಿ ಇದರ ಪೂರ್ವಜನಿಗೆ ‘ತಪಾಸ್’ ಎನ್ನುತ್ತಾರೆ. ನಮ್ಮ ‘ತಪಸ್ಸಿ’ಗೂ ಅದಕ್ಕೂ ಯಾವ ಸಂಬಂಧವೂ ಇಲ್ಲ, ಆ ಭಾಷೆಯಲ್ಲಿ ‘ತಾಪಾ’ ಎಂದರೆ ಮುಚ್ಚಳ. ಆದರೂ ಕಿವಿಗೆ ಬಿದ್ದಾಗ ಜೈನನಾದವನಿಗೆ ನಗು ಬರುವಂತಹ ಹೋಲಿಕೆಯಿದು. ಏಕೆಂದರೆ ನಮ್ಮ ಆರು ಬಾಹ್ಯ ತಪಸ್ಸುಗಳಲ್ಲಿ ನಾಲ್ಕು ಊಟಕ್ಕೇ ಸಂಬಂಧಪಟ್ಟವು: ಅನಶನ, ಅವಮೌದರ್ಯ, ವೃತ್ತಿಪರಿಸಂಖ್ಯಾನ, ರಸಪರಿತ್ಯಾಗ. ಇವುಗಳಲ್ಲಿ ಅವಮೌದರ್ಯವೆಂದರೆ ಹಸಿವು ಬೇಡುವುದಕ್ಕಿಂತ ಕಡಿಮೆ ಉಣ್ಣುವುದು. ಪುರುಷನ ಪೂರ್ಣಾಹಾರ 32 ತುತ್ತು, ಸ್ತ್ರೀಯ ಪೂರ್ಣಾಹಾರ 28 ತುತ್ತು ಎಂದು ಲೆಕ್ಕ ಹಿಡಿದು, ಅದರಿಂದ ಒಂದೊಂದೇ ತುತ್ತನ್ನು ಇಳಿಸುತ್ತ ಹೋಗುವುದು ಅದರ ಕ್ರಮ.

ಆದುದರಿಂದ ಚಿಕ್ಕ ತಟ್ಟೆಯನ್ನು ಕಂಡೊಡನೆ ಹಳಿಯುವುದು ನನ್ನ ಉದ್ದೇಶವಲ್ಲ. ನಮ್ಮ ಮದುವೆಯ ಚಪ್ಪರಗಳಲ್ಲಿ ಈಗ ನಡೆಯುವ ಊಟಕ್ಕೆ ಹೋಲಿಸಿದರೆ ಅದು ಎಷ್ಟೋ ಮೇಲು. ಎಲೆಯ ತುಂಬ ಬಡಿಸಿ, ಅರ್ಧವನ್ನು ಬಿಟ್ಟು ಎದ್ದು, ಕೈ ತೊಳೆದು ಐಸ್‌ಕ್ರೀಮಿನ ಸಾಲಿಗೆ ಓಡುವ ದೃಶ್ಯವನ್ನು ಅಹಿಂಸೆಯನ್ನು ಪರಮಧರ್ಮವೆನ್ನುವವರ ಮನೆಗಳಲ್ಲಿಯೂ ಕಾಣುತ್ತೇವೆ. 2022ರಲ್ಲಿ ಜಗತ್ತಿನಲ್ಲಿ ಸುಮಾರು 105 ಕೋಟಿ ಟನ್ ಆಹಾರ ವ್ಯರ್ಥವಾಯಿತೆಂದೂ, ಅದರಲ್ಲಿ ಸುಮಾರು 29 ಕೋಟಿ ಟನ್ ಹೋಟೆಲು ಮುಂತಾದ ಕಡೆಗಳದ್ದೆಂದೂ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ವರದಿ ಅಂದಾಜು ಮಾಡಿದೆ. ಉಳಿದುದರಲ್ಲಿ ಹೆಚ್ಚಿನ ಪಾಲು ಮನೆಗಳದ್ದೇ. ಹಂಚಿಕೊಂಡು, ಇಷ್ಟಿಷ್ಟೇ ತರಿಸಿಕೊಂಡು ತಿನ್ನುವುದು ತಪ್ಪೆಂದು ಯಾರು ತಾನೇ ಹೇಳಿಯಾರು? ಬೆಂಗಳೂರಿನ ಹಳೆಯ ಹೋಟೆಲುಗಳಲ್ಲಿ ಇಬ್ಬರು ಸ್ನೇಹಿತರು ‘ಬೈಟು ಕಾಫಿ’ ಹೇಳುವಾಗ ಅಲ್ಲಿಯೂ ಒಂದು ಬಗೆಯ ಮಿತವಿದೆ.

ಆದರೆ ತಟ್ಟೆ ಚಿಕ್ಕದಾದುದರಿಂದಲೇ ಅವಮೌದರ್ಯ ಆಗುವುದಿಲ್ಲ. ಆಚಾರ್ಯರು ಎಣಿಸಿದ್ದು ತುತ್ತನ್ನೇ ಹೊರತು ತಟ್ಟೆಯನ್ನಲ್ಲ. ಹನ್ನೆರಡು ಚಿಕ್ಕ ತಟ್ಟೆಗಳು ಸೇರಿದರೆ ಒಂದು ದೊಡ್ಡ ಹರಿವಾಣವೇ ಆಗುತ್ತದೆ. ಜೊತೆಗೆ ಹನ್ನೆರಡು ಬಾರಿ ಆಸೆ ಹುಟ್ಟಿ, ಹನ್ನೆರಡು ಬಾರಿ ತೀರಿ, ಹನ್ನೆರಡು ಬಾರಿ ಸಾಲದೆನಿಸುತ್ತದೆ. ಒಂದು ಎಲೆಯ ಮುಂದೆ ಒಮ್ಮೆ ಕುಳಿತವನಿಗೆ ಈ ಏರಿಳಿತ ಒಂದೇ ಸಲ. ಹೊಟ್ಟೆಯ ಲೆಕ್ಕದಲ್ಲಿ ಕಡಿಮೆ, ನಾಲಗೆಯ ಲೆಕ್ಕದಲ್ಲಿ ಹೆಚ್ಚು ಎಂಬಂತಹ ವಿಚಿತ್ರ ಊಟವಿದು. ಇನ್ನು, ಈ ಪ್ರತಿಯೊಂದು ಏರಿಳಿತದ ಜೊತೆಗೂ ಮಾತು ಬರುತ್ತದೆ. ತಟ್ಟೆ ಬಂದೊಡನೆ ಕೈ ಅದರತ್ತ ಹೋಗುವುದಿಲ್ಲ, ಫೋನಿನತ್ತ ಹೋಗುತ್ತದೆ. ಮೊದಲು ಚಿತ್ರ, ಆಮೇಲೆ ವರ್ಣನೆ, ಕಡೆಯಲ್ಲಿ ಊಟ. ಬಿಸಿ ಆರಿದ ಮೇಲೆ ತಿಂದು ‘ಬಿಸಿಯಾಗಿರಲಿಲ್ಲ’ ಎಂದು ಬರೆದವರೂ ಇರಬಹುದು.

ಮುನಿಯ ಆಹಾರಕ್ಕೆ 46 ದೋಷಗಳನ್ನು ಹೇಳಿದೆ. ವಟ್ಟಕೇರ ಆಚಾರ್ಯರ ‘ಮೂಲಾಚಾರ’ದಲ್ಲಿ ಇವುಗಳ ವಿವರವುಂಟು. ಹದಿನಾರು ಉದ್ಗಮದೋಷ, ಹದಿನಾರು ಉತ್ಪಾದನದೋಷ, ಹತ್ತು ಅಶನದೋಷಗಳ ನಂತರ ನಾಲ್ಕು ದೋಷಗಳು ಉಳಿಯುತ್ತವೆ: ಸಂಯೋಜನ, ಪ್ರಮಾಣ, ಅಂಗಾರ, ಧೂಮ. ರುಚಿಗಾಗಿ ಒಂದಕ್ಕೊಂದು ಹೊಂದದ ಪದಾರ್ಥಗಳನ್ನು ಬೆರೆಸಿಕೊಳ್ಳುವುದು ಸಂಯೋಜನ. ಅಳತೆ ಮೀರುವುದು ಪ್ರಮಾಣದೋಷ. ಹೊಟ್ಟೆಯ ಎರಡು ಭಾಗ ಅನ್ನಕ್ಕೆ, ಒಂದು ಭಾಗ ನೀರಿಗೆ, ಒಂದು ಭಾಗ ಗಾಳಿಗೆ ಬಿಡಬೇಕೆಂಬುದು ಅಳತೆ. ಅಂಗಾರವೆಂದರೆ ಕೆಂಡ, ಧೂಮವೆಂದರೆ ಹೊಗೆ. ಆಸಕ್ತಿಯಿಂದ ಮೈಮರೆತು, ಆಹಾ ಎನ್ನುತ್ತ ಉಂಡರೆ ಆ ಅನ್ನ ಕೆಂಡವಾಯಿತು. ಇದು ಕೆಟ್ಟದ್ದು, ಇದು ನನಗೆ ತಕ್ಕುದಲ್ಲ ಎಂದು ನಿಂದಿಸುತ್ತ ಉಂಡರೆ ಅದು ಹೊಗೆಯಾಯಿತು.

ಎಷ್ಟು ಸರಿಯಾದ ಹೆಸರುಗಳು! ಹೊಗಳಿಕೆ ಉರಿಸುತ್ತದೆ, ತೆಗಳಿಕೆ ಕಣ್ಣು ಕಾಣದಂತೆ ಮಾಡುತ್ತದೆ. ಇಂದಿನ ಊಟದ ವಿಮರ್ಶೆಗಳನ್ನು ಓದಿ ನೋಡಿದರೆ ಅವೆಲ್ಲ ಈ ಎರಡು ರಾಶಿಗಳಲ್ಲಿ ಬಂದು ಬೀಳುತ್ತವೆ. ‘ಬದುಕಿನಲ್ಲಿ ಇಂಥದ್ದನ್ನು ತಿಂದಿರಲಿಲ್ಲ’ ಎಂಬುದು ಕೆಂಡ. ‘ದುಡ್ಡು ದಂಡ, ಕಾಲಿಡಬೇಡಿ’ ಎಂಬುದು ಹೊಗೆ. ಕೆಂಡ ಹೊಗೆಗಳ ನಡುವೆ ನಿಂತು, ಇದು ಹಸಿವನ್ನು ತಣಿಸಿತು ಎನ್ನುವ ಮಾತು ಎಲ್ಲಿಯೂ ಸಿಗದು. ಏಕೆಂದರೆ ಅಲ್ಲಿಗೆ ಹೋದವನಿಗೆ ಬಹುಪಾಲು ಹಸಿವೇ ಇರುವುದಿಲ್ಲ.

ಉತ್ಪಾದನದೋಷಗಳಲ್ಲಿ ಇನ್ನೆರಡನ್ನು ಇಲ್ಲಿ ನೆನೆಯಬೇಕು: ಪೂರ್ವಸ್ತುತಿ, ಪಶ್ಚಾತ್‌ಸ್ತುತಿ. ಆಹಾರ ದೊರೆಯಲೆಂದು ದಾತೃವನ್ನು ಊಟಕ್ಕೆ ಮುಂಚೆ ಹೊಗಳುವುದು ಒಂದು, ಮುಂದೆಯೂ ದೊರೆಯಲೆಂದು ಊಟವಾದ ಮೇಲೆ ಹೊಗಳುವುದು ಇನ್ನೊಂದು. ಬಿಟ್ಟಿ ಊಟ ಉಂಡು, ಅದಕ್ಕೆ ಪ್ರತಿಯಾಗಿ ಲಕ್ಷಾಂತರ ಜನರ ಮುಂದೆ ಹೋಟೆಲನ್ನು ಹೊಗಳುವುದನ್ನೇ ವೃತ್ತಿಯಾಗಿಸಿಕೊಂಡವರು ಇಂದು ಇದ್ದಾರೆ. ಪ್ರಾಚೀನ ಆಚಾರ್ಯರು ಇಂಥವರನ್ನು ಕಂಡಿರಲಿಲ್ಲ. ಆದರೆ ಅನ್ನಕ್ಕೆ ಮಾತನ್ನು ಬೆಲೆಯಾಗಿ ಕೊಡುವ ಮನುಷ್ಯನನ್ನು ಅವರು ಚೆನ್ನಾಗಿ ಬಲ್ಲವರಾಗಿದ್ದರು.

ಇವೆಲ್ಲ ಮುನಿಗಳಿಗೆ, ನಮಗೇಕೆ ಎನ್ನಬಹುದು. ಗೃಹಸ್ಥನು 46 ದೋಷಗಳನ್ನು ನೀಗಿ ಉಣ್ಣಲಾರ, ಉಣ್ಣಬೇಕೆಂದು ಯಾರೂ ಹೇಳಿಲ್ಲ. ಆದರೆ ಅವನಿಗೂ ಅನರ್ಥದಂಡವಿರತಿ ಎಂಬ ಗುಣವ್ರತವಿದೆ. ಯಾವ ಪ್ರಯೋಜನವೂ ಇಲ್ಲದೆ ಕಟ್ಟಿಕೊಳ್ಳುವ ಪಾಪವನ್ನು ಬಿಡುವುದೇ ಆ ವ್ರತ. ಅದರಲ್ಲಿ ‘ದುಃಶ್ರುತಿ’ ಎಂಬುದೂ ಒಂದು: ಮನಸ್ಸನ್ನು ಕಲಕುವ ಕಥೆಗಳನ್ನು ಸುಮ್ಮನೆ ಕೇಳುತ್ತ ಕೂರುವುದು. ರಾತ್ರಿ ಉಂಡು ಮಲಗಿದವನು ಹಾಸಿಗೆಯಲ್ಲಿ ಒಂದು ಗಂಟೆ ಪರರು ತಿನ್ನುವುದನ್ನು ಫೋನಿನಲ್ಲಿ ನೋಡುತ್ತಾನೆ. ರಾತ್ರಿಭೋಜನ ತ್ಯಾಗ ಮಾಡಿದವರೂ ಇದನ್ನು ಮಾಡುತ್ತಾರೆ! ಬಾಯಿ ಮುಚ್ಚಿದೆ, ಕಣ್ಣು ಉಣ್ಣುತ್ತಲೇ ಇದೆ.

ನಮ್ಮ ಐದು ಸಮಿತಿಗಳ ಕ್ರಮದಲ್ಲಿ ಭಾಷಾಸಮಿತಿ ಎರಡನೆಯದು, ಏಷಣಾಸಮಿತಿ ಮೂರನೆಯದು. ಹಿತಮಿತವಾಗಿ ನುಡಿಯುವುದು ಒಂದು, ಎಚ್ಚರದಿಂದ ಆಹಾರ ಸ್ವೀಕರಿಸುವುದು ಇನ್ನೊಂದು. ಎರಡೂ ಅಕ್ಕಪಕ್ಕದ ಮನೆಗಳು. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುವಾಗ ಕನ್ನಡದ ಗಾದೆಯೂ ಈ ಎರಡನ್ನು ಒಟ್ಟಿಗೆ ಕಟ್ಟಿದೆ. ಎರಡಕ್ಕೂ ನಾಲಗೆ ಒಂದೇ ತಾನೆ.

ಈಗ ನಮ್ಮೂರಿನ ಕಾಫಿಯ ಮಾತಿಗೆ ಬರೋಣ. ಈ ಸೀಮೆಯ ತೋಟಗಳಲ್ಲಿ ಹಣ್ಣಾದ ಕಾಫಿಯನ್ನು ಆಳುಗಳು ಕೈಯಿಂದ ಕೊಯ್ಯುತ್ತಾರೆ. ಕಣದಲ್ಲಿ ಹರಡಿ, ಕೆದಕಿ, ಒಣಗಿಸುತ್ತಾರೆ. ಮಂಜು, ಚಳಿ, ಜಿಗಣೆ, ಇರುವೆ, ಕೆಲವು ದಿನ ಆನೆಯ ಭಯ. ಅದೇ ಕಾಳು ಬೆಂಗಳೂರಿನ ಹೊಸ ಕಾಫಿ ಅಂಗಡಿಯನ್ನು ತಲುಪಿದಾಗ ಅದರ ಪೊಟ್ಟಣದ ಮೇಲೆ ಕಿತ್ತಳೆಯ ಸುಳಿವು, ಚಾಕೊಲೇಟಿನ ನೆನಪು, ಬೆಲ್ಲದ ಕೊನೆ ಎಂಬಂತಹ ವರ್ಣನೆ ಅಚ್ಚಾಗಿರುತ್ತದೆ. ತೋಟ ಎಷ್ಟು ಅಡಿ ಎತ್ತರದಲ್ಲಿದೆ ಎಂಬುದೂ ಇರುತ್ತದೆ. ಕೊಯ್ದವಳ ವಿಷಯ ಮಾತ್ರ ಒಂದಕ್ಷರವೂ ಇರುವುದಿಲ್ಲ. ಚಿಕ್ಕ ತಟ್ಟೆಯ ಹೋಟೆಲಿನ ಪಟ್ಟಿಯಲ್ಲಿಯೂ ಹಾಗೆಯೇ. ಸೊಪ್ಪು ಯಾವ ಊರಿನದು, ಉಪ್ಪು ಯಾವ ಸಮುದ್ರದ್ದು ಎಂದು ಬರೆದಿರುತ್ತದೆ. ಹಿತ್ತಲ ಬಾಗಿಲಲ್ಲಿ ಆ ಚಿಕ್ಕ ತಟ್ಟೆಗಳನ್ನು ಮಧ್ಯರಾತ್ರಿಯವರೆಗೆ ತೊಳೆಯುವವನು ಎಷ್ಟು ಹೊತ್ತಿಗೆ ಉಂಡ ಎಂದು ಬರೆದಿರುವುದಿಲ್ಲ. ತಟ್ಟೆ ಚಿಕ್ಕದಾದಷ್ಟೂ ತೊಳೆಯುವ ತಟ್ಟೆಗಳ ಸಂಖ್ಯೆ ಹೆಚ್ಚು ಎಂಬುದು ಬಹುಶಃ ಉಣ್ಣುವವರ ಮನಸ್ಸಿಗೆ ಹೊಳೆಯುವುದೇ ಇಲ್ಲ.

ಇದಕ್ಕೆ ಎದುರಾಗಿ ಆಹಾರದಾನದ ವಿಧಿಯನ್ನು ನೋಡಿ. ಮುನಿಗಳು ಚರ್ಯೆಗೆ ಬರುವಾಗ ಶ್ರಾವಕ ದಂಪತಿಗಳು ಬಾಗಿಲಲ್ಲಿ ನಿಂತು, ಪ್ರತಿಗ್ರಹಿಸಿ, ನವಧಾಭಕ್ತಿಯನ್ನು ಸಲ್ಲಿಸಿ, ಮನಶ್ಶುದ್ಧಿ, ವಚನಶುದ್ಧಿ, ಕಾಯಶುದ್ಧಿ, ಆಹಾರಜಲಶುದ್ಧಿ ಎಂದು ನಿವೇದಿಸುತ್ತಾರೆ. ಬಡಿಸಲಿರುವ ಅನ್ನದ ಬಗ್ಗೆ ಹೇಳುವ ಮಾತು ಅಷ್ಟೇ. ತುಪ್ಪ ಎಲ್ಲಿಯದು, ಪಾಯಸ ಎಷ್ಟು ಸೊಗಸು ಎಂಬುದಿಲ್ಲ. ಅನ್ನವನ್ನು ಹೇಳುವುದಕ್ಕೆ ಮುನ್ನ ಅನ್ನವನ್ನು ಮಾಡಿದವರ ಮನಸ್ಸನ್ನು, ಮಾತನ್ನು, ಮೈಯನ್ನು ಹೇಳಬೇಕು. ನಾಲ್ಕು ಶುದ್ಧಿಗಳಲ್ಲಿ ಮೂರು ಅಡುಗೆ ಮಾಡಿದವರದು, ಒಂದು ಮಾತ್ರ ಅಡುಗೆಯದು. ಆಹಾರದ ವರ್ಣನೆಯೆಂದರೆ ಇದು ಎಂದು ನನಗೆ ತೋರುತ್ತದೆ. ಕನ್ನಡಿಗರು ದಾರಿಯಲ್ಲಿ ಎದುರಾದವರನ್ನು ‘ಊಟವಾಯಿತೇ’ ಎಂದು ಕೇಳುತ್ತಾರೆ. ಏನು ಊಟ, ಹೇಗಿತ್ತು ಎಂದು ಕೇಳುವುದು ಆಮೇಲಿನ ಮಾತು. ಆ ಪ್ರಶ್ನೆಯಲ್ಲಿ ವಿಚಾರಿಸಿಕೊಳ್ಳುತ್ತಿರುವುದು ಉಂಡವನನ್ನು.

ಮುನಿಯು ಹೇಗೆ ಉಣ್ಣಬೇಕೆಂಬುದಕ್ಕೆ ಅಕಲಂಕದೇವರ ‘ರಾಜವಾರ್ತಿಕ’ದಲ್ಲಿ ಐದು ಹೋಲಿಕೆಗಳಿವೆ. ಹುಲ್ಲು ಹಾಕಿದವಳ ಚೆಲುವನ್ನು ನೋಡದೆ ಹುಲ್ಲನ್ನು ಮೇಯುವ ಹಸುವಿನಂತೆ. ಬಂಡಿ ಊರು ಸೇರಲೆಂದು ಅಚ್ಚಿಗೆ ಎಣ್ಣೆ ಸವರುವಂತೆ. ಉಗ್ರಾಣಕ್ಕೆ ಬಿದ್ದ ಬೆಂಕಿಯನ್ನು ಯಾವ ನೀರಿನಿಂದಾದರೂ ನಂದಿಸುವಂತೆ. ಹೂವನ್ನು ನೋಯಿಸದೆ ಮಕರಂದವನ್ನು ಕೊಳ್ಳುವ ದುಂಬಿಯಂತೆ. ಹಳ್ಳವನ್ನು ಸಿಕ್ಕಿದ ಮಣ್ಣಿನಿಂದ ತುಂಬುವಂತೆ. ಬೇಸಗೆಯ ಮೊದಲ ಮಳೆ ಬಿದ್ದು ಇಲ್ಲಿಯ ತೋಟಗಳೆಲ್ಲ ಒಮ್ಮೆಗೇ ಬೆಳ್ಳಗೆ ಹೂಬಿಟ್ಟಾಗ ನಾಲ್ಕನೆಯ ಹೋಲಿಕೆಗೆ ಬೇರೆ ವ್ಯಾಖ್ಯಾನ ಬೇಕಿಲ್ಲ. ಜೇನು ಹೂವಿನಿಂದ ಹೂವಿಗೆ ಇಷ್ಟಿಷ್ಟೇ ತೆಗೆದುಕೊಳ್ಳುತ್ತದೆ, ಹೂವು ಕೆಡುವುದಿಲ್ಲ, ಫಸಲಿಗೂ ಅದರಿಂದ ಒಳಿತು. ನಿಜವಾದ ಚಿಕ್ಕ ತಟ್ಟೆಯ ಊಟ ಅದು.

ಹಾಗಾದರೆ ಜೈನನು ರುಚಿಯ ಮಾತನ್ನೇ ಆಡಬಾರದೇ? ಇಲ್ಲಿ ಒಂದು ಆಕ್ಷೇಪಕ್ಕೆ ಉತ್ತರ ಕೊಡದೆ ಮುಂದೆ ಹೋಗುವಂತಿಲ್ಲ. ಕನ್ನಡದಲ್ಲಿ ಅಡುಗೆಯನ್ನೇ ವಿಷಯವಾಗಿಸಿಕೊಂಡ ‘ಸೂಪಶಾಸ್ತ್ರ’ವನ್ನು ಬರೆದ 16ನೆಯ ಶತಮಾನದ ಆರಂಭದ ಮೂರನೆಯ ಮಂಗರಸ ಜೈನ ಕವಿ. ‘ಸಮ್ಯಕ್ತ್ವಕೌಮುದಿ’ಯನ್ನು ರಚಿಸಿದ ಕೈಯೇ ಹಿಟ್ಟಿನ ಭಕ್ಷ್ಯಗಳ, ಪಾನಕಗಳ, ಬದನೆಯ ಪಾಕಕ್ರಮವನ್ನೂ ಪದ್ಯದಲ್ಲಿ ಬರೆಯಿತು. ಇದು ಭಕ್ತಕಥೆಯಲ್ಲವೇ?

ಅಲ್ಲವೆಂದೇ ನನ್ನ ಅಭಿಪ್ರಾಯ. ಪಾಕಶಾಸ್ತ್ರದ ಮಾತು ಮಾಡುವವರಿಗೆ ಹೇಳುವ ಮಾತು. ಅದರಿಂದ ಇನ್ನೊಬ್ಬರಿಗೆ ಬಡಿಸಬಹುದು. ಗೃಹಸ್ಥನ ದಾನಗಳಲ್ಲಿ ಆಹಾರದಾನವೂ ಒಂದಾಗಿರುವಾಗ ಅಡುಗೆಯ ಅರಿವು ಅವನಿಗೆ ಬೇಕೇ ಬೇಕು. ಹಾಗೆಯೇ, ಉಂಡು ಕೈತೊಳೆದ ಮೇಲೆ ಅಡುಗೆಮನೆಯ ಕಡೆ ತಿರುಗಿ ‘ಸಾರು ಹದವಾಗಿತ್ತಮ್ಮ’ ಎನ್ನುವುದು ವಿಕಥೆಯಲ್ಲ, ಕೃತಜ್ಞತೆ. ಹಿಂದಿನವರಲ್ಲಿ ಈ ವಿಷಯಕ್ಕೆ ಇದ್ದ ಶಬ್ದಗಳೂ ಮಿತವಾದವು: ಹದ, ರುಚಿ, ಉಪ್ಪು ಸ್ವಲ್ಪ ಮುಂದು, ಹುಳಿ ಸ್ವಲ್ಪ ಹಿಂದು. ಅವು ನಾಳಿನ ಅಡುಗೆಗೆ ಉಪಯೋಗವಾಗುವಂಥವು. ಮಾತು ಮಾಡಿದವರನ್ನು ತಲುಪಿದರೆ ಅದು ಒಂದು ಬಗೆ. ಮಾಡಿದವರನ್ನು ಬಿಟ್ಟು, ತಿನ್ನಲು ಸಿಗದವರನ್ನೆಲ್ಲ ತಲುಪಿ ಅವರಲ್ಲಿ ಆಸೆಯನ್ನೋ ಅಸೂಯೆಯನ್ನೋ ಹುಟ್ಟಿಸಿದರೆ ಅದು ಇನ್ನೊಂದು ಬಗೆ. ಭಕ್ತಕಥೆ ಎಂಬುದು ಈ ಎರಡನೆಯದಕ್ಕೆ ಸಲ್ಲುವ ಹೆಸರು.

ಮಾತಿನ ಭಾರ ಎಷ್ಟೆಂಬುದನ್ನು ತಿಳಿಯಲು ನಾವು ದೂರ ಹೋಗಬೇಕಿಲ್ಲ. ಬೇಲೂರಿನಿಂದ 16 ಕಿಲೋಮೀಟರ್ ದೂರದ ಹಳೇಬೀಡಿನಲ್ಲಿ 1133ರಲ್ಲಿ ಗಂಗರಾಜನ ಮಗ ಬೊಪ್ಪನು ಕಟ್ಟಿಸಿದ ಪಾರ್ಶ್ವನಾಥ ಬಸದಿ ಇಂದಿಗೂ ನಿಂತಿದೆ. ಆ ದೋರಸಮುದ್ರದ ಅರಸು ವೀರಬಲ್ಲಾಳನಿಂದ ಕವಿಚಕ್ರವರ್ತಿ ಎಂಬ ಬಿರುದನ್ನು ಪಡೆದ ಜನ್ನನು 1209ರಲ್ಲಿ ‘ಯಶೋಧರ ಚರಿತೆ’ಯನ್ನು ಮುಗಿಸಿದನು. ಯಶೋಧರನು ಜೀವವನ್ನು ಕೊಲ್ಲಲೊಲ್ಲ; ತಾಯಿ ಚಂದ್ರಮತಿಯ ಒತ್ತಾಯಕ್ಕೆ ಹಿಟ್ಟಿನ ಕೋಳಿಯನ್ನು ಬಲಿಕೊಡಲು ಒಪ್ಪುತ್ತಾನೆ. ಕಡಿದಾಗ ಆ ಹಿಟ್ಟಿನ ಕೋಳಿ ಕೂಗುತ್ತದೆ. ಹಿಟ್ಟಾದರೂ ಅದನ್ನು ಕೋಳಿಯೆಂದು ಹೆಸರಿಟ್ಟು ಕಡಿದ ಸಂಕಲ್ಪಕ್ಕಾಗಿ ತಾಯಿ ಮಗ ಇಬ್ಬರೂ ನಾಯಿ, ನವಿಲು ಮೊದಲಾದ ಜನ್ಮಗಳನ್ನು ಎತ್ತಿ ಬಳಲುತ್ತಾರೆ.

ಈ ಕಥೆಯನ್ನು ಬಲ್ಲವರು ಇಂದಿನ ಸಸ್ಯಾಹಾರಿ ಪಟ್ಟಿಗಳನ್ನು ಓದುವಾಗ ಒಂದು ಕ್ಷಣ ತಡೆಯಬೇಕು. ಸೋಯಾದಿಂದ ಮಾಡಿದ್ದಕ್ಕೆ ‘ಚಿಕನ್’ ಎಂದು ಹೆಸರು, ಹಲಸಿನ ಕಾಯಿಯಿಂದ ಮಾಡಿದ್ದಕ್ಕೆ ‘ಮಟನ್’ ಎಂದು ಹೆಸರು. ಮಾಂಸವನ್ನು ಬಿಡಲು ಯತ್ನಿಸುವವನಿಗೆ ಇದು ಮೆಟ್ಟಿಲಾಗುವುದಾದರೆ ಆಗಲಿ. ಒಂದು ಜೀವ ಉಳಿದರೂ ಲಾಭವೇ. ಆದರೆ ಹುಟ್ಟಿನಿಂದ ಮಾಂಸವನ್ನು ಕಾಣದ ಮನೆಯ ಹುಡುಗ ಆ ಹೆಸರನ್ನು ಬಾಯಿ ಚಪ್ಪರಿಸುತ್ತ ಹೇಳುವಾಗ ಅವನು ಏರುತ್ತಿರುವುದು ಮೆಟ್ಟಿಲನ್ನಲ್ಲ, ಇಳಿಯುತ್ತಿದ್ದಾನೆ. ಬೆಂಗಳೂರಿನಲ್ಲಿ ಹೆಸರಾದ ಒಂದು ಐಸ್‌ಕ್ರೀಮ್ ತಿನಿಸನ್ನು ‘ಡೆತ್ ಬೈ ಚಾಕೊಲೇಟ್’ ಎನ್ನುತ್ತಾರೆ, ಚಾಕೊಲೇಟಿನಿಂದ ಮರಣವಂತೆ. ಇದು ವಿನೋದದ ಹೆಸರು, ಅದನ್ನು ತಿಂದವರು ನರಕಕ್ಕೆ ಹೋಗುತ್ತಾರೆಂದು ನಾನು ಹೇಳುವವನಲ್ಲ. ಸಲ್ಲೇಖನದಲ್ಲಿ ಅನ್ನವನ್ನು ಒಂದೊಂದೇ ತುತ್ತು ಇಳಿಸುತ್ತ ಮರಣವನ್ನು ಗೌರವದಿಂದ ಎದುರುಗೊಂಡವರ ಶಾಸನಗಳು ನಮ್ಮ ಜಿಲ್ಲೆಯಲ್ಲಿ ಇವೆ ಎಂಬುದನ್ನು ಮಾತ್ರ ಪಕ್ಕದಲ್ಲಿ ಇಡುತ್ತೇನೆ.

ನಮ್ಮವರ ಬಗ್ಗೆಯೂ ಒಂದು ಮಾತು. ಈಗ ಅನೇಕ ಹೋಟೆಲುಗಳಲ್ಲಿ ‘ಜೈನ್’ ಎಂಬ ಗುರುತಿನ ತಿನಿಸುಗಳು ಸಿಗುತ್ತವೆ. ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ ಇಲ್ಲದ ಅಡುಗೆ. ಇದು ಸಂತೋಷದ ವಿಷಯ. ಆದರೆ ತಿಳಿಯದೆ ಈರುಳ್ಳಿ ಬಿದ್ದ ತಟ್ಟೆಯನ್ನು ತಂದ ಹುಡುಗನ ಮೇಲೆ ಎಲ್ಲರ ಎದುರು ಕೂಗಾಡುವ ಶ್ರಾವಕರನ್ನು ನೋಡಿದಾಗ ಮನಸ್ಸಿಗೆ ನೋವಾಗುತ್ತದೆ. ಈರುಳ್ಳಿಯನ್ನು ಬಿಟ್ಟು ಕ್ರೋಧವನ್ನು ಉಂಡ ಹಾಗಾಯಿತು. ತಟ್ಟೆಯನ್ನು ಹಿಂದಿರುಗಿಸಲು ಮೆಲುದನಿಯ ಒಂದು ಮಾತು ಸಾಕು.

ಇಂದಿನ ಯುವಕರಿಗೆ ಹೋಟೆಲಿಗೆ ಹೋಗಬೇಡಿ ಎಂದರೆ ಅವರು ಕೇಳರು, ಹೇಳುವುದರಲ್ಲಿ ಅರ್ಥವೂ ಇಲ್ಲ. ಗೃಹಸ್ಥನಿಗೆ ಭೋಗೋಪಭೋಗ ಪರಿಮಾಣವ್ರತವನ್ನು ಕೊಟ್ಟಿರುವುದು ಭೋಗವೇ ಬೇಡವೆಂದಲ್ಲ, ಅಳತೆ ಇರಲೆಂದು. ಮುನಿಯು ವೃತ್ತಿಪರಿಸಂಖ್ಯಾನದಲ್ಲಿ ಇಂದು ಇಷ್ಟೇ ಮನೆ, ಇದೇ ಬೀದಿ ಎಂದು ಹೊರಡುವ ಮುನ್ನವೇ ಸಂಕಲ್ಪಿಸುತ್ತಾನೆ. ಅದರ ಒಂದು ಸಣ್ಣ ನೆರಳನ್ನು ನಾವೂ ಹಿಡಿಯಬಹುದು: ಪಟ್ಟಿಯನ್ನು ತೆರೆಯುವ ಮುನ್ನ ಮೂರು ತಟ್ಟೆ ಎಂದು ಮನಸ್ಸಿನಲ್ಲಿ ಎಣಿಸಿಕೊಂಡು, ಎಷ್ಟೇ ಸೊಗಸಾಗಿ ಬರೆದಿದ್ದರೂ ನಾಲ್ಕನೆಯದನ್ನು ಹೇಳದಿರುವುದು. ಮೊದಲ ಐದು ತುತ್ತುಗಳನ್ನು ಮಾತಿಲ್ಲದೆ ಉಣ್ಣುವುದು. ಉಣ್ಣುವಾಗ ಮೌನವೆಂಬುದು ಶ್ರಾವಕರ ಮನೆಗಳಲ್ಲಿ ಹೊಸದೇನೂ ಅಲ್ಲ, ಅಜ್ಜಂದಿರ ಕಾಲದಲ್ಲಿ ಇದ್ದದ್ದೇ. ಸೂರ್ಯಾಸ್ತದೊಳಗೆ ಮುಗಿಸಲು ಸಾಧ್ಯವಾದರೆ ಇನ್ನೂ ಒಳ್ಳೆಯದು. ಹೊಗಳಬೇಕೆನಿಸಿದರೆ ಬಡಿಸಿದವನನ್ನು ಕರೆದು, ಒಳಗೆ ಅಡುಗೆ ಮಾಡಿದವರಿಗೆ ತಿಳಿಸಪ್ಪಾ ಎಂದು ಹೇಳಿ ಬರಬಹುದು. ಅವನು ಹೋಗಿ ಹೇಳುತ್ತಾನೆ. ಒಲೆಯ ಮುಂದೆ ಬೆವರುತ್ತ ನಿಂತವನಿಗೆ ಅದು ಐದು ನಕ್ಷತ್ರಗಳಿಗಿಂತ ಬೇಗ ಮುಟ್ಟುತ್ತದೆ.

ತೆಗಳಬೇಕೆನಿಸಿದಾಗ ನೆನೆಯಲು ಚರ್ಯೆಯ ಒಂದು ಸಂದರ್ಭವನ್ನು ಹೇಳುತ್ತೇನೆ. ದಿನಕ್ಕೊಮ್ಮೆ ನಿಂತು, ಅಂಗೈಯನ್ನೇ ಪಾತ್ರೆಯಾಗಿಸಿ ಉಣ್ಣುವ ಮುನಿಗೆ ಎರಡನೆಯ ತುತ್ತಿನಲ್ಲಿಯೇ ಒಂದು ಕೂದಲು ಸಿಕ್ಕಿತೆನ್ನಿ. ಅದು ಅಂತರಾಯ. ಆ ದಿನದ ಆಹಾರ ಅಲ್ಲಿಗೆ ಮುಗಿಯಿತು. ನೀರೂ ಇಲ್ಲ, ಮತ್ತೆ ನಾಳೆಯೇ. ದಿನಗಳಿಂದ ಸಿದ್ಧತೆ ಮಾಡಿದ ಮನೆಯಾಕೆ ಅಳುತ್ತ ನಿಂತಿರುತ್ತಾಳೆ. ಮುನಿ ಕೈಬಿಡಿಸಿ, ಕೈತೊಳೆದು, ಅವಳಿಗೆ ಆಶೀರ್ವಾದ ಮಾಡಿ, ಪಿಂಛಿಯನ್ನು ಹಿಡಿದು ಬಂದ ದಾರಿಯಲ್ಲಿ ನಡೆಯುತ್ತಾರೆ. ಮರುದಿನ ಬೇರೊಂದು ಮನೆಯ ಬಾಗಿಲಲ್ಲಿ ನಿಂತಾಗ ನಿನ್ನೆಯ ಮನೆಯ ಮಾತು ಅವರ ಬಾಯಿಂದ ಬರುವುದಿಲ್ಲ.